ಪದ ಪರಿಚಯ: ಟ್ರಿಪಲ್ ಥೆರಪಿ

ಕಿಡ್ನಿ ಕಸಿ ಮಾಡಿಸಿಕೊಂಡವರಿಗೆ ವೈದ್ಯರು ಬರೆದುಕೊಡುವ ಚೀಟಿಯಲ್ಲಿ ಟ್ಯಾಕ್ರೋಲಿಮಸ್, ಮೈಕೋಫಿನೋಲೇಟ್ ಮತ್ತು ಪ್ರೆಡ್ನಿಸೋಲೋನ್ ಎಂಬ ಮೂರು ಔಷಧಗಳು ಸಾಮಾನ್ಯವಾಗಿ ಜೊತೆಯಾಗಿಯೇ ಇರುತ್ತವೆ. ಹೀಗೆ ಮೂರನ್ನು ಕೂಡಿಸಿ ಕೊಡುವ ಕ್ರಮವೇ ಟ್ರಿಪಲ್ ಥೆರಪಿ. ಬೇರೊಬ್ಬರ ಕಿಡ್ನಿಯನ್ನು ಪರಕೀಯವೆಂದು ಗುರುತಿಸಿ ದೇಹ ಅದರ ಮೇಲೆ ಎರಗುವ ರಿಜೆಕ್ಷನ್ ಅನ್ನು ತಡೆಯುವುದು ಇದರ ಮೊದಲ ಉದ್ದೇಶ. ಕಸಿಯಾದ ಕಿಡ್ನಿ ವರ್ಷಗಟ್ಟಲೆ ಬಾಳುವಂತೆ ನೋಡಿಕೊಳ್ಳುವುದು ಎರಡನೆಯದು, ಮತ್ತು ಹೆಚ್ಚು ಕಷ್ಟದ್ದು.

1954ರಲ್ಲಿ ಬಾಸ್ಟನ್ನಿನಲ್ಲಿ ಜೋಸೆಫ್ ಮರ್ರೆ ಅವರ ತಂಡ ನಡೆಸಿದ ಮೊದಲ ಯಶಸ್ವಿ ಕಸಿಯಲ್ಲಿ ದಾನಿಯೂ ರೋಗಿಯೂ ಏಕರೂಪಿ ಅವಳಿಗಳಾಗಿದ್ದರಿಂದ ಇಂತಹ ಔಷಧಗಳ ಅಗತ್ಯವೇ ಬೀಳಲಿಲ್ಲ. ಉಳಿದವರಿಗಾಗಿ 1960ರ ದಶಕದಲ್ಲಿ ಅಜಥಯೊಪ್ರಿನ್ ಮತ್ತು ಸ್ಟೀರಾಯ್ಡ್‌ಗಳ ಜೋಡಿ ಬಂತು. 1980ರ ದಶಕದಲ್ಲಿ ಬಂದ ಸೈಕ್ಲೋಸ್ಪೊರಿನ್ ಮೊದಲ ವರ್ಷದ ಫಲಿತಾಂಶವನ್ನು ಬಹಳಷ್ಟು ಸುಧಾರಿಸಿತಾದರೂ, ಕಿಡ್ನಿಯನ್ನು ಉಳಿಸಬೇಕಾದ ಆ ಔಷಧವೇ ಪ್ರಮಾಣ ಹೆಚ್ಚಾದರೆ ಕಾಲಕ್ರಮದಲ್ಲಿ ಅದೇ ಕಿಡ್ನಿಯನ್ನು ಹಾಳುಮಾಡುತ್ತದೆ ಎಂಬುದು ಕಂಡುಬಂತು. ಅದೇ ಗುಂಪಿಗೆ ಸೇರಿದ ಟ್ಯಾಕ್ರೋಲಿಮಸ್‌ಗೂ ಈ ದೋಷ ಉಂಟು. ಕೈನಡುಕ ಮತ್ತು ಸಕ್ಕರೆ ಕಾಯಿಲೆಯ ಭಯವೂ ಅದರ ಜೊತೆಗಿದೆ.

ಔಷಧಗಳನ್ನು ಕೂಡಿಸುವುದರ ಅರ್ಥ ಇಲ್ಲಿದೆ. ಟ್ಯಾಕ್ರೋಲಿಮಸ್ ಬಿಳಿ ರಕ್ತಕಣಗಳ ಪೈಕಿ ಟಿ-ಕೋಶಗಳು ಒಂದನ್ನೊಂದು ಎಚ್ಚರಿಸಲು ಕಳಿಸುವ ಸಂಕೇತವನ್ನು ತಡೆಯುತ್ತದೆ, ಎಚ್ಚೆತ್ತ ಕೋಶಗಳು ಸಂಖ್ಯೆಯಲ್ಲಿ ಬೆಳೆಯದಂತೆ ಮೈಕೋಫಿನೋಲೇಟ್ ನೋಡಿಕೊಳ್ಳುತ್ತದೆ, ಪ್ರೆಡ್ನಿಸೋಲೋನ್ ಉರಿಯೂತವನ್ನೇ ತಗ್ಗಿಸುತ್ತದೆ. ಮೂರೂ ಬೇರೆ ಬೇರೆ ಹಂತದಲ್ಲಿ ಕೆಲಸ ಮಾಡುವುದರಿಂದ ಪ್ರತಿಯೊಂದನ್ನೂ ಕಡಿಮೆ ಪ್ರಮಾಣದಲ್ಲಿ ಕೊಟ್ಟರೆ ಸಾಕಾಗುತ್ತದೆ. 1600ಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಸಿಂಫನಿ ಅಧ್ಯಯನದಲ್ಲಿ, ಕಡಿಮೆ ಪ್ರಮಾಣದ ಟ್ಯಾಕ್ರೋಲಿಮಸ್ ಜೊತೆ ಉಳಿದೆರಡನ್ನು ಪಡೆದವರ ಕಿಡ್ನಿಯೇ ಹೆಚ್ಚು ಚೆನ್ನಾಗಿ ಕೆಲಸ ಮಾಡಿತು. ರಿಜೆಕ್ಷನ್ ಕೂಡ ಅವರಲ್ಲೇ ಕಡಿಮೆಯಿತ್ತು. ಆದ್ದರಿಂದ ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆಯೆಂದು ರಕ್ತಪರೀಕ್ಷೆಯಲ್ಲಿ ತೋರಿಸುವ ಕ್ರಿಯಾಟಿನಿನ್ ಸರಿಯಿದೆಯೆಂದು ಮೂರರಲ್ಲಿ ಒಂದನ್ನು ತಾವಾಗಿಯೇ ಬಿಡುವುದು ಬಹಳ ಅಪಾಯಕಾರಿ. ಕ್ರಿಯಾಟಿನಿನ್ ಏರುವ ಹೊತ್ತಿಗೆ ಒಳಗೆ ಹಾನಿ ಆಗಿಹೋಗಿರುತ್ತದೆ.

ಕಡಿಮೆ ಪ್ರಮಾಣ ಸಾಕೆಂದರೆ ಆ ಪ್ರಮಾಣ ನಿಖರವಾಗಿರಬೇಕು ಎಂದೂ ಅರ್ಥ. ಟ್ಯಾಕ್ರೋಲಿಮಸ್ ಎಷ್ಟಿದೆಯೆಂದು ತಿಳಿಯಲು ಬೆಳಗಿನ ಗುಳಿಗೆ ನುಂಗುವ ಮೊದಲೇ, ಅಂದರೆ ದಿನಕ್ಕೆರಡು ಬಾರಿ ತೆಗೆದುಕೊಳ್ಳುವವರಲ್ಲಿ ಹಿಂದಿನ ರಾತ್ರಿಯ ಗುಳಿಗೆ ನುಂಗಿ ಸುಮಾರು 12 ಗಂಟೆ ಕಳೆದ ಮೇಲೆ, ರಕ್ತ ಕೊಡಬೇಕು. ಬಾಗೇಪಲ್ಲಿಯಿಂದಲೋ ಚಿಂತಾಮಣಿಯಿಂದಲೋ ನಸುಕಿನ ಬಸ್ಸಿಗೆ ಬೆಂಗಳೂರಿನ ಆಸ್ಪತ್ರೆಗೆ ಹೊರಡುವವರು ಅಭ್ಯಾಸಬಲದಿಂದ ಮನೆಯಲ್ಲೇ ಗುಳಿಗೆ ನುಂಗಿಬಿಟ್ಟರೆ ವರದಿಯಲ್ಲಿ ಅಂಕಿ ಸುಳ್ಳಾಗಿ ಏರಿರುತ್ತದೆ. ಅದನ್ನು ನಂಬಿ ಪ್ರಮಾಣ ಇಳಿಸಿದರೆ ರಿಜೆಕ್ಷನ್‌ಗೆ ದಾರಿಯಾಗುತ್ತದೆ. ಆ ದಿನದ ಗುಳಿಗೆಯನ್ನು ಚೀಲದಲ್ಲಿಟ್ಟುಕೊಂಡು ಹೋಗಿ, ರಕ್ತ ಕೊಟ್ಟ ಕೂಡಲೇ ತೆಗೆದುಕೊಳ್ಳಬೇಕು.

ಚಿಕ್ಕಬಳ್ಳಾಪುರದಿಂದ ಬೆಂಗಳೂರಿಗೆ ಹೋಗುವ ದಾರಿಯಲ್ಲೇ ಸಿಗುವ ದೇವನಹಳ್ಳಿಯ ಚಕ್ಕೋತದ ವಿಷಯವನ್ನೂ ಇಲ್ಲಿ ಹೇಳಲೇಬೇಕು. ಈ ಹಣ್ಣಿನಲ್ಲಿರುವ ಅಂಶಗಳು ಟ್ಯಾಕ್ರೋಲಿಮಸ್ ಅನ್ನು ಒಡೆಯುವ ಕಿಣ್ವವನ್ನು ಕರುಳಿನಲ್ಲಿ ತಡೆಯುವುದರಿಂದ ರಕ್ತದಲ್ಲಿ ಔಷಧದ ಮಟ್ಟ ಏರುತ್ತದೆ. ಔಷಧದ ಜೊತೆ ಬರುವ ಸೂಚನಾಪತ್ರದಲ್ಲಿ ಬೇಡವೆಂದಿರುವ ಗ್ರೇಪ್‌ಫ್ರೂಟ್ ಸಹ ಚಕ್ಕೋತದ ಬಳಗದ್ದೇ ಹೊರತು ನಮ್ಮ ಜಿಲ್ಲೆಯ ದ್ರಾಕ್ಷಿಯಲ್ಲ. ಕ್ಲಾರಿಥ್ರೋಮೈಸಿನ್ ಎಂಬ ಆಂಟಿಬಯಾಟಿಕ್ ಮತ್ತು ಶಿಲೀಂಧ್ರದ ಸೋಂಕಿಗೆ ಕೊಡುವ ಫ್ಲುಕೊನಜೋಲ್ ಕೂಡ ಮಟ್ಟವನ್ನು ಏರಿಸುತ್ತವೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ತೀವ್ರವಾಗಿ ಇಳಿಸುತ್ತದೆ. ಮೈಕೈ ನೋವಿಗೆ ಮೆಡಿಕಲ್ ಶಾಪಿನಲ್ಲಿ ಕೇಳಿ ಪಡೆಯುವ ಡೈಕ್ಲೋಫಿನ್ಯಾಕ್ ಕಿಡ್ನಿಗೇ ನೇರ ಪೆಟ್ಟು ಕೊಡಬಲ್ಲದು. ಊರಿನ ವೈದ್ಯರ ಬಳಿ ಹೋದಾಗಲೂ ಕಸಿಯ ಚೀಟಿಯನ್ನು ಮೊದಲು ತೋರಿಸಬೇಕು.

ಈ ಸಂಯೋಜನೆ ಎಲ್ಲರಿಗೂ ಎಂದೆಂದಿಗೂ ಒಂದೇ ಅಲ್ಲ. ಕೆಲವರಿಗೆ ವೈದ್ಯರು ಮೈಕೋಫಿನೋಲೇಟ್ ಬದಲು ಎವೆರೊಲಿಮಸ್ ಕೊಟ್ಟು ಟ್ಯಾಕ್ರೋಲಿಮಸ್ ಅನ್ನು ಇನ್ನಷ್ಟು ತಗ್ಗಿಸುತ್ತಾರೆ. ಮೈಕೋಫಿನೋಲೇಟ್ ಭ್ರೂಣಕ್ಕೆ ಹಾನಿಕರವಾದ್ದರಿಂದ, ತಾಯಿಯಾಗಬಯಸುವ ಹೆಣ್ಣುಮಕ್ಕಳಿಗೆ ಗರ್ಭ ಧರಿಸುವ ಕನಿಷ್ಠ 6 ವಾರ ಮೊದಲೇ ಅದನ್ನು ನಿಲ್ಲಿಸಿ, ಹಳೆಯ ಅಜಥಯೊಪ್ರಿನ್‌ಗೆ ಬದಲಾಯಿಸುತ್ತಾರೆ.