ಎರಡು ಊರಿನ ಸಂಪ್ರದಾಯ, ಒಂದು ಮದುವೆ: ಯಾವುದನ್ನು ಉಳಿಸಿಕೊಳ್ಳಬೇಕು?

ಪ್ರಶ್ನೆ: ನನ್ನ ತವರು ಸಾಗರದ ಸಮೀಪದ ಹಳ್ಳಿ, ನಾವು ದೀವರ ಸಮುದಾಯದವರು. ಮದುವೆಯಾಗಲಿರುವವರು ಧಾರವಾಡದವರು. ನನಗೆ ಪಕ್ಷಿವೀಕ್ಷಣೆಯ ಹವ್ಯಾಸ, ಅವರಿಗೆ ಹಿಂದೂಸ್ತಾನಿ ಸಂಗೀತದ ಹುಚ್ಚು. ಎರಡೂ ಮನೆಗಳ ಪದ್ಧತಿಯೂ ನಮ್ಮ ಆಸಕ್ತಿಗಳೂ ಕಾಣುವಂತೆ, ಆದರೆ ಆಡಂಬರವಿಲ್ಲದೆ ಮದುವೆ ಮಾಡಿಕೊಳ್ಳುವುದು ಹೇಗೆ?

ಉತ್ತರ: ಇಂಥ ಮದುವೆಯ ಮಾತು ಬಂದೊಡನೆ ಹೆಚ್ಚಿನವರು ವೇದಿಕೆಯ ಅಲಂಕಾರದಿಂದ ಆರಂಭಿಸುತ್ತಾರೆ. ಅದನ್ನು ಕೊನೆಗೆ ಇಟ್ಟುಕೊಂಡು, ಮನೆಯವರು ತಮ್ಮ ಕೈಯಿಂದಲೇ ಮಾಡುವ ಕೆಲಸ ಯಾವ ಶಾಸ್ತ್ರದಲ್ಲಿದೆ ಎಂಬುದನ್ನು ಮೊದಲು ಹುಡುಕಬೇಕು ಎಂಬುದು ನನ್ನ ಅಭಿಪ್ರಾಯ.

ಆ ದೃಷ್ಟಿಯಿಂದ ನಿಮ್ಮ ತವರಿನಲ್ಲಿ ಹಸೆಗೋಡೆ ಚಿತ್ತಾರಕ್ಕಿಂತ ದೊಡ್ಡ ಆಸ್ತಿ ಇನ್ನೊಂದಿಲ್ಲ. ವಧೂವರರನ್ನು ಹಸೆಯ ಮೇಲೆ ಕೂರಿಸುವ ಗೋಡೆಗೆ ಕೆಮ್ಮಣ್ಣು ಬಳಿದು, ಅಕ್ಕಿಯ ಹಿಟ್ಟಿನಿಂದ ಬಿಳಿ, ಸೀಯುವಷ್ಟು ಹುರಿದ ಅಕ್ಕಿಯಿಂದ ಕಪ್ಪು, ಗುರಿಗೆ ಬೀಜದಿಂದ ಹಳದಿ ಬಣ್ಣ ಮಾಡಿಕೊಂಡು, ಪುಂಡಿ ನಾರಿನ ಕುಂಚದಲ್ಲಿ ಹೆಂಗಸರು ಗೆರೆ ಎಳೆಯುತ್ತಾರೆ. ಇದನ್ನೇ ಫ್ಲೆಕ್ಸ್ ಮೇಲೆ ಮುದ್ರಿಸಿ ಕಲ್ಯಾಣ ಮಂಟಪದಲ್ಲಿ ತೂಗುಹಾಕುವುದು ಸುಲಭ. ಆದರೆ ಬಿಡಿಸುವ ಕೈಯೇ ಇಲ್ಲವಾದಾಗ ಉಳಿಯುವುದು ಹಿನ್ನೆಲೆಯ ಚಿತ್ರ ಮಾತ್ರ. ಸಾಧ್ಯವಿದ್ದರೆ ಮುಹೂರ್ತವನ್ನು ತವರಿನ ಅಂಗಳದ ಚಪ್ಪರದಲ್ಲಿಯೇ ಇಟ್ಟುಕೊಂಡು, ಚಿತ್ತಾರ ಬಲ್ಲ ಅತ್ತೆ, ದೊಡ್ಡಮ್ಮಂದಿರನ್ನು ಕೆಲವು ದಿನ ಮುಂಚೆಯೇ ಕರೆಸಿ, ನೀವೂ ಅವರೊಡನೆ ಕುಳಿತು ಒಂದಿಷ್ಟು ಗೆರೆ ಎಳೆಯಿರಿ. ಮಂಟಪವೇ ಅನಿವಾರ್ಯವಾದರೆ, ಹಲಗೆಗೆ ಕೆಮ್ಮಣ್ಣು ಬಳಿದು ಅದರ ಮೇಲೆ ಬಿಡಿಸಬಹುದು. ಗೆರೆಗಳ ನಡುವೆ ಹಕ್ಕಿಯೊಂದನ್ನು ಸೇರಿಸುವ ಆಸೆ ನಿಮಗಿರಬಹುದು. ಬರೆಯುವ ಹಿರಿಯರು ಒಪ್ಪಿದರೆ ಮಾತ್ರ ಸೇರಿಸಿ. ಭೂಮಿ ಹುಣ್ಣಿಮೆಗೆಂದು ಚಿತ್ತಾರ ಬರೆಯುವ ಬುಟ್ಟಿಯನ್ನು ತಾಂಬೂಲದ ತಟ್ಟೆಯಾಗಿ ಬಳಸುವ ಮುನ್ನವೂ ಅವರನ್ನೇ ಕೇಳಿ, ಏಕೆಂದರೆ ಅದು ಆ ಹಬ್ಬದಂದು ಹೊಲಕ್ಕೆ ಚರಗ, ಅಂದರೆ ಭೂಮಿತಾಯಿಗೆ ಅರ್ಪಿಸುವ ಎಡೆ, ಒಯ್ಯುವ ಬುಟ್ಟಿ.

ಧಾರವಾಡದ ಕಡೆಯಿಂದ ಎರಡು ಸಾಕು. ಒಂದು, ನಾಲ್ಕು ಮೂಲೆಗಳಲ್ಲಿ ತಂಬಿಗೆಗಳನ್ನಿಟ್ಟು ನೂಲು ಸುತ್ತಿ, ನಡುವೆ ಕೂರಿಸಿದವರಿಗೆ ಅರಿಸಿನ ಹಚ್ಚಿ ನೀರೆರೆಯುವ ಸುರಗಿ. ಇದರಲ್ಲಿ ಪ್ರೇಕ್ಷಕರೇ ಇರುವುದಿಲ್ಲ, ಎಲ್ಲರ ಕೈಗೂ ಕೆಲಸವಿರುತ್ತದೆ. ಇನ್ನೊಂದು ಕಸೂತಿ. ಗವಂತಿ, ಮುರ್ಗಿ, ನೇಯ್ಗೆ, ಮೆಂತೆ ಎಂಬ ನಾಲ್ಕು ಹೊಲಿಗೆಗಳನ್ನು ಬಟ್ಟೆಯ ಎಳೆ ಎಣಿಸುತ್ತ ಹಾಕಬೇಕಾದ್ದರಿಂದ ಅದು ನಿಧಾನದ ಕೆಲಸ. ಇಳಕಲ್ ಸೀರೆಯ ಮೇಲೆ ಕೈ ಕಸೂತಿ ಬೇಕೆಂದಿದ್ದರೆ ತಿಂಗಳುಗಳ ಮೊದಲೇ ಹೇಳಿಡಿ. ಕೊನೆಯ ಗಳಿಗೆಯಲ್ಲಿ ಸಿಗುವುದು ಬಹುಮಟ್ಟಿಗೆ ಯಂತ್ರದ ಕಸೂತಿಯೇ.

ಊಟದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ: ರೊಟ್ಟಿ, ಎಣ್ಣೆಗಾಯಿ, ಗೋಧಿ ಹುಗ್ಗಿಯ ಪಕ್ಕದಲ್ಲಿ ಮಲೆನಾಡಿನ ಮಾವಿನಕಾಯಿ ಸಾರು ಅಪ್ಪೆಹುಳಿ ಬಂದರೆ ಯಾರೂ ಆಕ್ಷೇಪಿಸರು. ಮಗುಚಿದ ಮಡಕೆಯ ಮೇಲೆ ತೊಡೆದೇವು ಎಂಬ ತೆಳ್ಳನೆಯ ಸಿಹಿತಿಂಡಿ ಮಾಡುವವರನ್ನು ಅತಿಥಿಗಳ ಕಣ್ಣೆದುರಿಗೇ ಕೂರಿಸಿದರೆ ಧಾರವಾಡದ ಬೀಗರು ಅಲ್ಲಿಂದ ಏಳುವುದೇ ಕಷ್ಟ.

ಹವ್ಯಾಸಗಳನ್ನು ಮುಹೂರ್ತದೊಳಗೆ ತುರುಕದಿರುವುದೇ ಒಳ್ಳೆಯದು. ವಾಲಗದ ಸದ್ದಿನಲ್ಲಿ, ಅಕ್ಷತೆಯ ಗದ್ದಲದಲ್ಲಿ ಖಯಾಲ್ ಹಾಡಿಸಿದರೆ ಕೇಳುವವರಿಲ್ಲದೆ ಗಾಯಕರಿಗೆ ಅವಮಾನವಾಗುತ್ತದೆ. ಹಿಂದಿನ ಸಂಜೆ, ಮೈಕಿನ ಅಬ್ಬರವಿಲ್ಲದೆ, ಆಸಕ್ತರಷ್ಟೇ ಕುಳಿತು ಕೇಳುವ ಬೈಠಕ್ ಆಗಲಿ. ಪಕ್ಷಿಗಳಿಗಾಗಿ ಸೊರಬ ತಾಲ್ಲೂಕಿನ ಗುಡವಿ ಪಕ್ಷಿಧಾಮಕ್ಕೆ ಗೆಳೆಯರನ್ನು ಕರೆದೊಯ್ಯಬಹುದು. ಆದರೆ ಅಲ್ಲಿ ಹಕ್ಕಿಗಳು ನೆರೆಯುವುದು ಮಳೆಗಾಲದಲ್ಲಿ ಮತ್ತು ಅದರ ಬೆನ್ನಿಗೆ ಬರುವ ತಿಂಗಳುಗಳಲ್ಲಿ. ಮೇ ತಿಂಗಳ ಲಗ್ನವಾದರೆ ಆ ಯೋಜನೆಯನ್ನು ಬಿಟ್ಟುಬಿಡಿ.

ಶಾಸ್ತ್ರಗಳನ್ನು ಹೀಗೆ ಆಯ್ದುಕೊಂಡರೆ ಮದುವೆ ಊರ್ಜಿತವಾಗುತ್ತದೆಯೇ ಎಂಬ ಅಳುಕು ಹಿರಿಯರಿಗೆ ಬರುವುದು ಸಹಜ. 1955ರ ಹಿಂದೂ ವಿವಾಹ ಕಾಯ್ದೆಯ 7ನೆಯ ಕಲಮಿನ ಪ್ರಕಾರ, ವಧು ಅಥವಾ ವರ, ಇಬ್ಬರಲ್ಲಿ ಯಾರ ಕಡೆಯ ರೂಢಿಯ ವಿಧಿಗಳಿಂದಲಾದರೂ ವಿವಾಹ ನಡೆಯಬಹುದು. ಆ ವಿಧಿಗಳಲ್ಲಿ ಸಪ್ತಪದಿ ಸೇರಿದ್ದರೆ ಏಳನೆಯ ಹೆಜ್ಜೆಗೆ ಅದು ಪೂರ್ಣಗೊಳ್ಳುತ್ತದೆ. ಆದ್ದರಿಂದ ಒಂದು ಕಡೆಯ ಮುಖ್ಯ ವಿಧಿಯನ್ನು ಮುರಿಯದೆ ಪೂರ್ತಿಯಾಗಿ ನಡೆಸಿ, ಇನ್ನೊಂದು ಕಡೆಯದನ್ನು ಅದರ ಸುತ್ತ ಹೊಂದಿಸಿಕೊಳ್ಳಿ. ವಿಧಿಯೇ ನಡೆಯದೆ ಬರೀ ನೋಂದಣಿ ಪತ್ರ ಪಡೆದರೆ ಅದು ಈ ಕಾಯ್ದೆಯಡಿ ವಿವಾಹವಾಗದು ಎಂದು ಸುಪ್ರೀಂ ಕೋರ್ಟ್ 2024ರಲ್ಲಿ ಸ್ಪಷ್ಟಪಡಿಸಿದೆ.

ಪುರೋಹಿತರೂ ಮುಹೂರ್ತವೂ ಬೇಡವೆನ್ನುವವರಿಗೆ ಕುವೆಂಪು ರೂಪಿಸಿದ ಮಂತ್ರ ಮಾಂಗಲ್ಯದ ದಾರಿ ಇದೆ; 1966ರಲ್ಲಿ ಪೂರ್ಣಚಂದ್ರ ತೇಜಸ್ವಿಯವರ ಮದುವೆ ನಡೆದದ್ದು ಆ ಬಗೆಯಲ್ಲೇ. ನೀವು ಅದನ್ನು ಆರಿಸಿಕೊಂಡರೆ, ಜೊತೆಗೆ 1954ರ ವಿಶೇಷ ವಿವಾಹ ಕಾಯ್ದೆಯಡಿಯೂ ಮದುವೆಯಾಗುವುದು ಕ್ಷೇಮ. ಅದಕ್ಕೆ ಇಬ್ಬರಲ್ಲೊಬ್ಬರು ಕನಿಷ್ಠ 30 ದಿನ ವಾಸವಿರುವ ಜಿಲ್ಲೆಯ ವಿವಾಹಾಧಿಕಾರಿಗೆ ನೋಟಿಸು ಕೊಡಬೇಕು, ಅದು ಪ್ರಕಟವಾದ ಮೇಲೆ 30 ದಿನ ಕಾಯಬೇಕು, ನೋಟಿಸು ಕೊಟ್ಟ ಮೂರು ತಿಂಗಳೊಳಗೆ ಮೂವರು ಸಾಕ್ಷಿಗಳೊಡನೆ ಮದುವೆ ಮುಗಿಸಬೇಕು. ನೀವಿಬ್ಬರೂ ಬೆಂಗಳೂರಿನಲ್ಲೇ ನೆಲೆಸಿದ್ದರೆ ನೋಟಿಸನ್ನು ಅಲ್ಲಿಯೇ ಕೊಡಬಹುದು. ಲಗ್ನಪತ್ರಿಕೆಯನ್ನು ಅಚ್ಚಿಗೆ ಕಳಿಸುವ ಮೊದಲು ಈ ದಿನಗಳ ಲೆಕ್ಕ ಹಾಕಿಕೊಳ್ಳಿ.