ಶಾಸನದಲ್ಲಿ ಸೋತವರು, ಗಣತಿಯಲ್ಲಿ ಕಾಣದವರು: ಹಾಸನ, ಚಿಕ್ಕಮಗಳೂರಿನ ಬೌದ್ಧರು

ಹಾಸನದ ದಲಿತ ಕೇರಿಗಳಲ್ಲಿ, ಚಿಕ್ಕಮಗಳೂರಿನ ಕಾಫಿ ತೋಟದ ಲೈನ್ ಮನೆಗಳಲ್ಲಿ ಬುದ್ಧ ಮತ್ತು ಅಂಬೇಡ್ಕರ್ ಜೊತೆಗಿರುವ ಪಟ ಈಗ ಅಪರೂಪವಲ್ಲ. ಈ ಧರ್ಮ ಇಲ್ಲಿನದೇ ಹಳೆಯ ಬೇರಿನಿಂದ ಮತ್ತೆ ಚಿಗುರಿತು ಎಂದು ವೇದಿಕೆಗಳಲ್ಲಿ ಹೇಳುವುದುಂಟು. ಕೇಳಲು ಚೆನ್ನಾಗಿದೆ, ಆದರೆ ಈ ಎರಡು ಜಿಲ್ಲೆಗಳ ಮಟ್ಟಿಗೆ ಶಾಸನಗಳು ಹೇಳುವ ಕಥೆಯೇ ಬೇರೆ.

ನೆರೆಯವರ ಬಳಿ ತೋರಿಸಲು ಒಂದಿಷ್ಟು ಇದೆ. ಚಿತ್ರದುರ್ಗದ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ, ಶಿವಮೊಗ್ಗದ ಬಳ್ಳಿಗಾವಿಯಲ್ಲಿ 1065ರಲ್ಲಿ ದಂಡನಾಯಕ ರೂಪಭಟ್ಟಯ್ಯ ಕಟ್ಟಿಸಿದ ವಿಹಾರ, ಮಂಗಳೂರಿನ ಕದ್ರಿಯಲ್ಲಿ 968ರ ಲೋಕೇಶ್ವರನ (ಬೋಧಿಸತ್ವನ) ವಿಗ್ರಹ. ನಮ್ಮ ಕಡೆ ಬೌದ್ಧರು ಸಿಗುವುದು ಹೆಚ್ಚಾಗಿ ಬೇರೆಯವರ ಬಾಯಲ್ಲಿ, ಅದೂ ಸೋತವರಾಗಿ.

ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿ 1129ರ ಮಲ್ಲಿಷೇಣ ಪ್ರಶಸ್ತಿ ಇದೆ. ಸಲ್ಲೇಖನದಿಂದ, ಅಂದರೆ ಉಪವಾಸ ವ್ರತದಿಂದ, ದೇಹ ಬಿಟ್ಟ ಜೈನ ಮುನಿಯೊಬ್ಬರ ಸ್ಮಾರಕ ಶಾಸನವದು. ಅದರಲ್ಲಿ ಗುರುಪರಂಪರೆಯನ್ನು ಹೊಗಳುತ್ತ ಜೈನ ತಾರ್ಕಿಕ ಅಕಲಂಕರ ಪ್ರಸಂಗ ಬರುತ್ತದೆ: ರಾಜ ಹಿಮಶೀತಲನ ಸಭೆಯಲ್ಲಿ ಅವರು ಬೌದ್ಧರನ್ನು ಸೋಲಿಸಿದರು, ಗಡಿಗೆಯೊಳಗೆ ಗುಟ್ಟಾಗಿ ನೆಲೆಸಿದ್ದ ಬೌದ್ಧರ ತಾರಾದೇವಿಯನ್ನೂ ಗೆದ್ದರು. ಮುಂದಿನ ಕಥೆಗಳಲ್ಲಿ ಅಕಲಂಕರು ಆ ಗಡಿಗೆಯನ್ನೇ ಒದ್ದು ಒಡೆಯುತ್ತಾರೆ. ವಾದ ನಡೆದದ್ದು ಬೆಳಗೊಳದಲ್ಲಲ್ಲ, ಅಕಲಂಕರ ಕಾಲವೂ ಶಾಸನಕ್ಕಿಂತ ಕೆಲವು ಶತಮಾನ ಹಿಂದಿನದು. ಆದರೂ ಹೊಯ್ಸಳರ ಕಾಲದ ಜೈನರಿಗೆ ಆ ಗೆಲುವು ಕಲ್ಲಿನಲ್ಲಿ ಕೊರೆಸುವಷ್ಟು ದೊಡ್ಡದಾಗಿತ್ತು.

ಬೇಲೂರಿನ ಶಾಸನಶ್ಲೋಕದ ದಾರಿ ಇನ್ನೊಂದು. ಶೈವರು ಶಿವನೆಂದು, ವೇದಾಂತಿಗಳು ಬ್ರಹ್ಮವೆಂದು, ‘ಬೌದ್ಧಾ ಬುದ್ಧ ಇತಿ’, ಜೈನರು ಅರ್ಹಂತನೆಂದು ಯಾರನ್ನು ಉಪಾಸಿಸುತ್ತಾರೋ ಆ ಕೇಶವ ಇಷ್ಟಾರ್ಥ ಕೊಡಲಿ ಎನ್ನುತ್ತದೆ ಅದು. ಶಾಲಾ ಕಾರ್ಯಕ್ರಮಗಳಲ್ಲಿ ಸರ್ವಧರ್ಮ ಸಮನ್ವಯಕ್ಕೆ ಇದನ್ನೇ ಉದಾಹರಿಸುತ್ತಾರೆ. ತಪ್ಪೇನಿಲ್ಲ. ಆದರೆ ಎಲ್ಲರನ್ನೂ ಕರೆದು ಕೂರಿಸುವುದು ಕೇಶವನ ಮನೆಯಲ್ಲೇ ಎಂಬುದನ್ನು ಗಮನಿಸಬೇಕು.

ಈಗಿನ ಬೌದ್ಧರ ತಕರಾರು ಅಲ್ಲೇ ಇದೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅಂಬೇಡ್ಕರ್ ಬೌದ್ಧ ಧರ್ಮ ಸ್ವೀಕರಿಸಿ, ಜೊತೆಗಿದ್ದವರಿಗೆ 22 ಪ್ರತಿಜ್ಞೆಗಳನ್ನು ಬೋಧಿಸಿದರು. ಬುದ್ಧ ವಿಷ್ಣುವಿನ ಅವತಾರ ಎಂಬುದನ್ನು ನಂಬುವುದಿಲ್ಲ ಎನ್ನುವುದು ಅವುಗಳಲ್ಲೊಂದು. ಹಾಸನ, ಚಿಕ್ಕಮಗಳೂರಿನ ಕೇರಿಗಳಿಗೆ ಬುದ್ಧ ಬಂದದ್ದು ಈ ದಾರಿಯಿಂದ, ದಲಿತ ಚಳವಳಿಯ ಜೊತೆಗೆ. ಶಾಸನಗಳಲ್ಲಿ ಬೇರು ಹುಡುಕುವ ಹಟ ನನಗೆ ಅನಗತ್ಯವೆನಿಸುತ್ತದೆ. ನಾಗಪುರದಿಂದ ಬಂದದ್ದೆಂದು ಒಪ್ಪಿಕೊಂಡರೆ ಅದರ ತೂಕವೇನೂ ಕಡಿಮೆಯಾಗದು.

ಮನೆಯೊಳಗೆ ಈ ಧರ್ಮ ಹೆಚ್ಚು ಕಾಣುವುದು ಮದುವೆಯಲ್ಲಿ. ಹೋಮವಿಲ್ಲ, ಪುರೋಹಿತರಿಲ್ಲ, ತ್ರಿಸರಣ (ಬುದ್ಧ, ಧಮ್ಮ, ಸಂಘಕ್ಕೆ ಶರಣು), ಪಂಚಶೀಲ (ಐದು ನಡತೆಯ ವ್ರತ) ಹೇಳಿ ಹಾರ ಬದಲಿಸಿದರೆ ಮುಗಿಯಿತು. ಹಾಗೆ ಮದುವೆಯಾದವರ ಮನೆಯಲ್ಲೇ ಅಜ್ಜಿ ಮಾರಿಹಬ್ಬಕ್ಕೆ ತಂಬಿಟ್ಟಿನ ಆರತಿ ಹೊರುವುದೂ ಇದೆ. ಪ್ರತಿಜ್ಞೆ ಮುರಿಯಿತೆಂದು ಯುವಕರು ಗೊಣಗುತ್ತಾರೆ, ಅಜ್ಜಿ ಕಿವಿಗೆ ಹಾಕಿಕೊಳ್ಳುವುದಿಲ್ಲ. ಮದುವೆ ನೋಂದಣಿಗೆ ಹೋದರೆ ಮತ್ತೊಂದು ತಮಾಷೆ: ಬೌದ್ಧರಿಗೂ ಅನ್ವಯಿಸುವುದು 1955ರ ಹಿಂದೂ ವಿವಾಹ ಕಾಯ್ದೆಯೇ.

ಲೆಕ್ಕ ಕೇಳಿದರೆ ಕಥೆ ಜಟಿಲವಾಗುತ್ತದೆ. ಪರಿಶಿಷ್ಟ ಜಾತಿಗಳ 1950ರ ಆದೇಶ ಮೂಲದಲ್ಲಿ ಹಿಂದೂಗಳಿಗೆ ಸೀಮಿತವಾಗಿತ್ತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಅಂದರೆ ನಾಗಪುರದ ನಂತರ 34 ವರ್ಷ, ಬೌದ್ಧನೆಂದು ಬರೆಸಿದವನಿಗೆ ಈ ಪಟ್ಟಿಯ ಮೀಸಲಾತಿ ಇರಲಿಲ್ಲ. ಕಾನೂನು ಬದಲಾಯಿತು, ಭಯ ಬದಲಾಗಲಿಲ್ಲ. ಜಾತಿ ಪ್ರಮಾಣಪತ್ರ ಕೈತಪ್ಪೀತೆಂದು ಶಾಲೆಗೆ ಸೇರಿಸುವಾಗ ಧರ್ಮದ ಕಾಲಂನಲ್ಲಿ ಹಿಂದೂ ಎಂದು ಬರೆಸುವ ಅಪ್ಪ ಅಮ್ಮಂದಿರು ಇಂದಿಗೂ ಇದ್ದಾರೆ.

ರಾಜ್ಯದಲ್ಲಿ 2001ರ ಜನಗಣತಿ 3,93,300 ಬೌದ್ಧರನ್ನು ಎಣಿಸಿತ್ತು. 2011ರಲ್ಲಿ ಸಿಕ್ಕವರು 95,710. ಹತ್ತೇ ವರ್ಷದಲ್ಲಿ ಸುಮಾರು ಮೂರು ಲಕ್ಷ ಜನ ಧರ್ಮ ಬಿಟ್ಟರೆಂದರೆ ನಂಬುವುದು ಕಷ್ಟ. ಮನೆಬಾಗಿಲಲ್ಲಿ ಯಾರು ಏನು ಕೇಳಿದರು, ಏನು ಬರೆದುಕೊಂಡರು ಎಂಬುದೂ ಈ ಅಂಕಿಯೊಳಗೆ ಸೇರಿಕೊಂಡಿರುತ್ತದೆ. ಆ 95,710ರಲ್ಲಿ ಬೈಲಕುಪ್ಪೆಯ ಟಿಬೆಟನ್ ಬೌದ್ಧರಿಗೂ ಅರಕಲಗೂಡಿನ ಅಂಬೇಡ್ಕರ್‌ವಾದಿ ಬೌದ್ಧರಿಗೂ ಇರುವುದು ಒಂದೇ ಹೆಸರು. ಬದುಕು ಮಾತ್ರ ಬೇರೆಬೇರೆ. ಹಾಸನದವರು ಬೈಲಕುಪ್ಪೆಗೆ ಹೋಗುವುದು ಹೆಚ್ಚಾಗಿ ಗೋಲ್ಡನ್ ಟೆಂಪಲ್ ನೋಡಲು, ಫೋಟೊ ತೆಗೆಸಿಕೊಳ್ಳಲು. ಅಂದಹಾಗೆ, ಗಡಿಗೆಯಲ್ಲಿ ಸೋತಳೆಂದು ಬೆಳಗೊಳದ ಶಾಸನ ಹೇಳುವ ತಾರಾ, ಟಿಬೆಟನ್ನರಿಗೆ ಬಲು ಪ್ರೀತಿಯ ದೇವಿ. ಡೋಲ್ಮಾ ಎಂದು ಕರೆಯುತ್ತಾರೆ.

ಮುಂದಿನ ಜನಗಣತಿ 2027ಕ್ಕೆ. ಈ ಸಲ ಎಲ್ಲರ ಜಾತಿಯನ್ನೂ ಕೇಳುತ್ತಾರೆ. ಧರ್ಮ ಬೌದ್ಧ ಎಂದು ಬರೆಸಿ, ಪರಿಶಿಷ್ಟ ಜಾತಿಯ ಕಾಲಂನಲ್ಲಿ ತಮ್ಮ ಮೂಲ ಜಾತಿಯನ್ನೂ ಬರೆಸಲು ಅಡ್ಡಿಯಿಲ್ಲ. 1990ರ ತಿದ್ದುಪಡಿ ಬಂದದ್ದೇ ಅದಕ್ಕೆ. ಗಣತಿದಾರರು ಹೆಸರು ನೋಡಿಯೇ ಹಿಂದೂ ಎಂದು ತುಂಬಿಕೊಂಡು ಮುಂದೆ ಹೋಗದಂತೆ, ಬರೆದದ್ದನ್ನು ಓದಿ ಹೇಳಿ ಎಂದು ಮನೆಯವರೇ ಕೇಳಬೇಕಾಗುತ್ತದೆ.