ನೆಗಡಿ ಮತ್ತು ವಿಟಮಿನ್ ಸಿ ಮಾತ್ರೆ: ಸಲಹೆ ಹುಟ್ಟಿದ್ದೆಲ್ಲಿ, ಸಾಕ್ಷ್ಯ ನಿಂತದ್ದೆಲ್ಲಿ

ಪದೇ ಪದೇ ನೆಗಡಿಯಾಗುವವರು ದಿನವೂ ವಿಟಮಿನ್ ಸಿ ಮಾತ್ರೆ ತೆಗೆದುಕೊಳ್ಳಬೇಕೆಂಬ ಸಲಹೆ ಜಗತ್ತಿನಾದ್ಯಂತ ಹಬ್ಬಿದ್ದು 1970ರಲ್ಲಿ, ಎರಡು ನೊಬೆಲ್ ಪಡೆದಿದ್ದ ಅಮೆರಿಕದ ರಸಾಯನವಿಜ್ಞಾನಿ ಲೈನಸ್ ಪಾಲಿಂಗ್ ಈ ಕುರಿತು ಬರೆದ ಪುಸ್ತಕದಿಂದ. ಅವರು ಬಹುವಾಗಿ ನೆಚ್ಚಿಕೊಂಡದ್ದು 1961ರ ಒಂದು ಸ್ವಿಸ್ ಅಧ್ಯಯನವನ್ನು. ಆಲ್ಪ್ಸ್ ಪರ್ವತದ ಸ್ಕೀಯಿಂಗ್ ಶಿಬಿರದಲ್ಲಿದ್ದ 279 ವಿದ್ಯಾರ್ಥಿಗಳ ಪೈಕಿ, ದಿನಕ್ಕೆ ಒಂದು ಗ್ರಾಂ ವಿಟಮಿನ್ ಪಡೆದವರಲ್ಲಿ ನೆಗಡಿ ಎದ್ದುಕಾಣುವಷ್ಟು ಕಡಿಮೆಯಿತ್ತು. ಕೊರೆಯುವ ಚಳಿಯಲ್ಲಿ ಮೈ ದಂಡಿಸುತ್ತಿದ್ದ ಮಕ್ಕಳಲ್ಲಿ ಕಂಡ ಫಲವನ್ನು ಮನೆಯಲ್ಲಿ, ಕಚೇರಿಯಲ್ಲಿ ಕುಳಿತವರಿಗೂ ಅನ್ವಯಿಸಿದ್ದೇ ಮುಂದಿನ ಗೊಂದಲಕ್ಕೆಲ್ಲ ಮೂಲ ಎಂಬುದು ನನ್ನ ಅಭಿಪ್ರಾಯ.

1972ರಲ್ಲಿ ಟೊರಾಂಟೊದ ಸಂಶೋಧಕರು ಸಾಮಾನ್ಯ ಜನರ ಮೇಲೆ ಇದನ್ನು ಪರೀಕ್ಷಿಸಿದಾಗ ನೆಗಡಿಯ ಸಂಖ್ಯೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ; ಮನೆಯಲ್ಲೇ ಉಳಿಯಬೇಕಾದ, ಕೆಲಸ ತಪ್ಪಿಸಿಕೊಂಡ ದಿನಗಳು ಮಾತ್ರ ಸುಮಾರು ಶೇ 30ರಷ್ಟು ಕಡಿಮೆಯಾದವು. ಇಂಥ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ, ವೈದ್ಯಕೀಯ ಸಾಕ್ಷ್ಯಗಳನ್ನು ಪರಿಶೀಲಿಸುವ ಅಂತರರಾಷ್ಟ್ರೀಯ ಸಂಸ್ಥೆ ಕಾಕ್ರೇನ್ 2013ರಲ್ಲಿ ಪ್ರಕಟಿಸಿದ ಪರಾಮರ್ಶೆಯಲ್ಲಿ ಹನ್ನೊಂದು ಸಾವಿರಕ್ಕೂ ಹೆಚ್ಚು ಜನರ ಮಾಹಿತಿಯಿತ್ತು. ದಿನವೂ ಮಾತ್ರೆ ತೆಗೆದುಕೊಂಡರೂ ಸಾಮಾನ್ಯರಿಗೆ ನೆಗಡಿ ಬರುವುದು ತಪ್ಪುವುದಿಲ್ಲ, ಬಂದ ನೆಗಡಿಯ ಅವಧಿ ವಯಸ್ಕರಲ್ಲಿ ಶೇ 8ರಷ್ಟು, ಮಕ್ಕಳಲ್ಲಿ ಶೇ 14ರಷ್ಟು ತಗ್ಗುತ್ತದೆ ಎಂದು ಅದು ಹೇಳಿತು. ವಯಸ್ಕರ ಲೆಕ್ಕದಲ್ಲಿ ಒಂದು ವಾರದ ನೆಗಡಿಗೆ ಅದು ಅರ್ಧ ದಿನದ ಉಳಿತಾಯ. ನೆಗಡಿ ಶುರುವಾದ ಮೇಲೆ ಮಾತ್ರೆ ನುಂಗಿದವರಲ್ಲಿ ಆ ಲಾಭವೂ ಖಚಿತವಾಗಿ ಕಾಣಲಿಲ್ಲ. ಆದರೆ ಮ್ಯಾರಥಾನ್ ಓಟಗಾರರು, ಸ್ಕೀಯಿಂಗ್ ಮಾಡುವವರು ಮತ್ತು ಹಿಮಪ್ರದೇಶದಲ್ಲಿ ತರಬೇತಿಯಲ್ಲಿದ್ದ ಸೈನಿಕರು ಸೇರಿದ್ದ ಐದು ಪ್ರಯೋಗಗಳಲ್ಲಿ ನೆಗಡಿಯ ಅಪಾಯ ಸುಮಾರು ಅರ್ಧಕ್ಕಿಳಿದಿತ್ತು. ಸ್ವಿಸ್ ವಿದ್ಯಾರ್ಥಿಗಳ ಫಲಿತಾಂಶ ಸುಳ್ಳಾಗಿರಲಿಲ್ಲ; ಅದು ಅಂಥವರಿಗಷ್ಟೇ ಸಲ್ಲುವ ಸತ್ಯವಾಗಿತ್ತು.

ಕೋವಿಡ್ ಕಾಲದಲ್ಲಿ ನಮ್ಮ ಔಷಧ ಅಂಗಡಿಗಳಲ್ಲಿ ವಿಟಮಿನ್ ಸಿ ಜೊತೆಗೆ ಜಿಂಕ್ ಮಾತ್ರೆಯೂ ಭರದಿಂದ ಮಾರಾಟವಾಯಿತು. ಆಸ್ಪತ್ರೆಗೆ ದಾಖಲಾಗದ 214 ಸೋಂಕಿತರಿಗೆ ಇವನ್ನು ಹೆಚ್ಚಿನ ಪ್ರಮಾಣದಲ್ಲಿ ಬಿಡಿಯಾಗಿಯೂ ಒಟ್ಟಾಗಿಯೂ ಕೊಟ್ಟು ನೋಡಿದ ಅಮೆರಿಕದ ಪ್ರಯೋಗವೊಂದನ್ನು, ಪ್ರಯೋಜನ ಕಾಣುವ ಸಾಧ್ಯತೆಯಿಲ್ಲವೆಂದು ನಡುವೆಯೇ ನಿಲ್ಲಿಸಲಾಯಿತು. ಅದರ ವರದಿ 2021ರಲ್ಲಿ ಪ್ರಕಟವಾಯಿತು.

ಇದೇ ಜಿಂಕ್‌ಗೆ ಇನ್ನೊಂದು ಚರಿತ್ರೆಯಿದೆ, ಅದರಲ್ಲಿ ಭಾರತದ ಪಾಲು ದೊಡ್ಡದು. ಪೌಷ್ಟಿಕಾಂಶದ ಕೊರತೆ ವ್ಯಾಪಕವಾಗಿದ್ದ ದೆಹಲಿಯ ಎಳೆಯ ಮಕ್ಕಳಿಗೆ ಅತಿಸಾರದ ವೇಳೆ ಜಿಂಕ್ ಕೊಟ್ಟಾಗ ರೋಗದ ಅವಧಿಯೂ ತೀವ್ರತೆಯೂ ತಗ್ಗಿದ್ದನ್ನು 1995ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಇಂಥ ಸಾಕ್ಷ್ಯಗಳ ಬಲದಿಂದ 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್, ಮಕ್ಕಳ ಅತಿಸಾರಕ್ಕೆ ಓಆರ್‌ಎಸ್ ಜೊತೆಗೆ 10ರಿಂದ 14 ದಿನ ಜಿಂಕ್ ಕೊಡಬೇಕೆಂದು ಶಿಫಾರಸು ಮಾಡಿದವು.